ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನ್: ಸಾಲದ ನೊಗವನ್ನು ಮುರಿದ ಗ್ರಾಮಾಧಿಕಾರಿ

ದೇವಭಕ್ತಿಯು ಆದಿತ್ಯವಾರದ ಆರಾಧನೆಗೂ ಬರುವ ಲೋಕದ ನಿರೀಕ್ಷೆಗೂ ಮಾತ್ರ ಸಂಬಂಧಪಟ್ಟದ್ದೆಂದೂ, ಹೊಲ ದನ ಸಾಲ ಬಡ್ಡಿ ಎಂಬಿವುಗಳ ಸಂಗತಿಯೇ ಬೇರೆಯೆಂದೂ ಎಣಿಸುವವರು ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರುಂಟು. ಹಣವೊಂದು ಕೈಗೆ ಬಂದರೆ ಬಡವನ ಕಷ್ಟವೆಲ್ಲಾ ತೀರುವದು, ನಂಬಿಕೆಯಿಂದ ಹೊಟ್ಟೆ ತುಂಬುವದುಂಟೇ ಎಂದು ಕೇಳುವವರೂ ಉಂಟು. ಈ ಎರಡು ತರದವರೂ ಕೇಳತಕ್ಕ ಒಂದು ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ. ಇದು ಪ್ರಸಂಗಿಯೊಬ್ಬನ ಚರಿತ್ರೆಯಲ್ಲ, ಐಶ್ವರ್ಯವಂತನ ಚರಿತ್ರೆಯೂ ಅಲ್ಲ. ಕಣ್ಣು ಮಬ್ಬಾಗುತ್ತಾ ಬಂದ ಒಬ್ಬ ಗ್ರಾಮಾಧಿಕಾರಿಯು ತನ್ನ ಕರ್ತನ ಒಂದು ಉಪದೇಶವನ್ನು ಮನಸ್ಸಿಗೆ ತಂದುಕೊಂಡು, ಅದರ ಪ್ರಕಾರ ನಡೆಯಲು ಹೋಗಿ, ಅನೇಕ ದೇಶಗಳ ಬೇಸಾಯಗಾರರ ಸಾಲದ ಕ್ರಮವನ್ನೇ ಮಾರ್ಪಡಿಸಿದ ವೃತ್ತಾಂತವಿದು.

ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನನು ೧೮೧೮ನೇ ಇಸವಿ ಮಾರ್ಚಿ ೩೦ನೇ ತಾರೀಖಿನಲ್ಲಿ ಜರ್ಮನಿ ದೇಶದ ಜೀಗ್ ಎಂಬ ಹೊಳೆಯ ದಡದಲ್ಲಿರುವ ಹಾಮ್ ಎಂಬ ಊರಿನಲ್ಲಿ ಹುಟ್ಟಿದನು. ಆ ಸೀಮೆಯು ಆಗ ಪ್ರುಸಿಯದ ಅರಸನ ಆಳಿಕೆಗೆ ಸೇರಿತ್ತು. ಒಂಬತ್ತು ಮಕ್ಕಳಲ್ಲಿ ಆತನು ಏಳನೆಯವನು. ತಂದೆಯು ಕೆಲವು ಕಾಲ ಆ ಊರಿನ ಅಧಿಕಾರಿಯಾಗಿದ್ದನು. ಆದರೆ ಮಗನು ಇನ್ನೂ ಚಿಕ್ಕವನಿರುವಾಗಲೇ ಆ ಉದ್ಯೋಗವು ತಪ್ಪಿಹೋದದರಿಂದ ಮನೆಯ ಭಾರವೆಲ್ಲಾ ತಾಯಿಯ ಮೇಲೆ ಬಿತ್ತು. ಆಕೆಯು ದೇವಭಯವುಳ್ಳ ಸ್ತ್ರೀಯಾಗಿದ್ದು ಮಕ್ಕಳನ್ನು ಪ್ರಾರ್ಥನೆಯಲ್ಲಿಯೂ ದುಡಿಮೆಯಲ್ಲಿಯೂ ಬೆಳೆಸಿದಳು. ಹುಡುಗನನ್ನು ಹೆಚ್ಚಿನ ಶಾಲೆಗೆ ಕಳುಹಿಸಲು ಹಣವಿರಲಿಲ್ಲ. ಹೀಗಿರಲಾಗಿ ಊರಿನ ಸಭಾಪಾಲಕರಾದ ಜೈಪೆಲ್ ಅಯ್ಯನವರು ಅವನಿಗೆ ಪಾಠ ಹೇಳಿಕೊಟ್ಟರು. ಲೆಕ್ಕ ಬರಹಗಳ ಸಂಗಡ ಸತ್ಯವೇದವೂ ಅವನ ಹೃದಯದಲ್ಲಿ ನೆಲೆಗೊಂಡಿತು. ಕಲಿಯಲು ಹಣವಿಲ್ಲದ ಹುಡುಗನಿಗೆ ಊರಿನ ಒಬ್ಬನು ತೋರಿಸಿದ ಈ ಉಪಕಾರವನ್ನು ಮುಂದೆ ಆತನು ಸಾವಿರಾರು ಮನೆಗಳಿಗೆ ತೀರಿಸಿದನೆಂದು ಹೇಳಬಹುದು.

ಹದಿನೇಳನೆಯ ವರುಷದಲ್ಲಿ, ಅಂದರೆ ೧೮೩೫ರಲ್ಲಿ, ಆತನು ಅರಸನ ಫಿರಂಗಿ ದಂಡಿಗೆ ಸೇರಿದನು. ಅಲ್ಲಿಯೇ ಮೇಲಕ್ಕೇರಬೇಕೆಂಬ ಆಶೆಯಿತ್ತು. ಆದರೆ ಕಣ್ಣಿಗೆ ಒಂದು ರೋಗ ತಗಲಿ, ದೃಷ್ಟಿಯು ದಿನೇದಿನೇ ಕುಂದುತ್ತಾ ಬಂದದರಿಂದ ೧೮೪೩ರಲ್ಲಿ ದಂಡನ್ನು ಬಿಡಬೇಕಾಯಿತು. ಮುಚ್ಚಿದ ಈ ಬಾಗಲಿನ ಪಕ್ಕದಲ್ಲಿಯೇ ದೇವರು ಮತ್ತೊಂದನ್ನು ತೆರೆದನು. ಆತನು ಸರಕಾರದ ಕಚೇರಿಯಲ್ಲಿ ಕೆಲಸ ಕಲಿತು, ೧೮೪೫ರಲ್ಲಿ ವೈಯರ್‌ಬುಶ್ ಎಂಬ ಊರಿನ ಅಧಿಕಾರಿಯಾಗಿ ನೇಮಿಸಲ್ಪಟ್ಟನು. ಅದೇ ವರುಷ ಎಮಿಲಿ ಸ್ಟೋರ್ಕ್ ಎಂಬಾಕೆಯನ್ನು ಮದುವೆಯಾದನು. ಆ ಊರಿನ ಸುತ್ತುಮುತ್ತಲಿನ ಹಳ್ಳಿಗಳೆಲ್ಲಾ ಆತನ ಕೈಕೆಳಗಿದ್ದವು.

ಆ ಹಳ್ಳಿಗಳ ಸ್ಥಿತಿಯನ್ನು ತಿಳಿಯದೆ ಆತನ ಕಾರ್ಯವನ್ನು ತಿಳುಕೊಳ್ಳಲಾಗದು. ವೆಸ್ಟರ್‌ವಾಲ್ಡ್ ಎಂಬದು ರೈನ್ ನದಿಯ ಮೂಡಣ ಭಾಗದಲ್ಲಿರುವ ಗುಡ್ಡದ ಸೀಮೆ. ಚಳಿಯು ಬಹಳ, ಮಣ್ಣು ತೆಳು. ತಂದೆಯ ಹೊಲವು ಮಕ್ಕಳಿಗೆ ಹಂಚಿಹೋಗಿ ಒಬ್ಬೊಬ್ಬನಿಗೆ ಒಂದೊಂದು ತುಂಡು ಉಳಿಯುತ್ತಿತ್ತು. ಹಿಂದಿನ ಕಾಲದ ಜಮೀನುದಾರರ ದಾಸತ್ವದಿಂದ ಬೇಸಾಯಗಾರರಿಗೆ ಬಿಡುಗಡೆಯಾಗಿದ್ದರೂ ಕಂದಾಯವನ್ನು ನಗದಾಗಿ ಕೊಡಬೇಕಿತ್ತು, ಬೀಜಕ್ಕೂ ದನಕ್ಕೂ ನಗದು ಬೇಕಿತ್ತು. ಪಟ್ಟಣದ ಬ್ಯಾಂಕುಗಳು ವರ್ತಕರಿಗೆ ಸಾಲ ಕೊಡುವವೇ ಹೊರತು ಎರಡು ತುಂಡು ಹೊಲವಿರುವವನ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಆದದರಿಂದ ಬಡವನು ಸಾಹುಕಾರನ ಮನೆಗೆ ಹೋಗುವನು. ಕೆಲವು ವ್ಯಾಪಾರಿಗಳು ಹಸುವನ್ನು ಬಡವನ ಕೊಟ್ಟಿಗೆಯಲ್ಲಿ ಕಟ್ಟಿಸಿ ಮೇಯಿಸುವ ಭಾರವನ್ನು ಅವನಿಗೆ ಹೊರಿಸಿ, ಹುಟ್ಟಿದ ಕರುವಿನ ಲಾಭವನ್ನು ತಾವು ತೆಗೆದುಕೊಂಡು, ಕಡೆಗೆ ಹಸುವನ್ನೂ ಹೊಡಕೊಂಡು ಹೋಗುತ್ತಿದ್ದರು. ಸಾಲವೇ ಶೂಲವೆಂಬ ನಮ್ಮ ನಾಡಿನ ಗಾದೆಯು ಆ ನಾಡಿಗೂ ಸಲ್ಲುವಂಥಾದ್ದೇ.

ರೈಫೈಸನನು ಬಂದ ಕೂಡಲೇ ಶಾಲೆಯನ್ನು ಕಟ್ಟಿಸುವದಕ್ಕೂ ರಸ್ತೆ ಮಾಡಿಸುವದಕ್ಕೂ ಕೈಹಾಕಿದನು. ಆ ಗುಡ್ಡದ ಹಳ್ಳಿಗಳಿಂದ ರೈನ್ ನದಿಯ ತೀರದ ನೊಯ್‌ವೀಡ್ ಪಟ್ಟಣಕ್ಕೆ ಹೋಗುವ ದಾರಿಯು ಆತನ ಪ್ರಯತ್ನದಿಂದಲೇ ಆಯಿತು. ಬೆಳೆದದ್ದನ್ನು ಸಂತೆಗೆ ಒಯ್ಯಲು ದಾರಿಯಿಲ್ಲದಿದ್ದರೆ ರೈತನು ಮನೆಬಾಗಲಿಗೆ ಬಂದ ವ್ಯಾಪಾರಿಯು ಹೇಳಿದ ಬೆಲೆಗೆ ಮಾರಬೇಕಾಗುವದೆಂದು ಆತನು ಕಂಡುಕೊಂಡಿದ್ದನು.

ಇಷ್ಟರಲ್ಲಿ ಮಹಾ ಶೋಧನೆಯು ಬಂತು. ಆ ವರುಷಗಳಲ್ಲಿ ಯುರೋಪಿನ ಅನೇಕ ಸೀಮೆಗಳಲ್ಲಿ ಬಟಾಟೆಯ ಗಿಡಕ್ಕೆ ರೋಗ ತಗಲಿ ಗೆಡ್ಡೆಯು ಮಣ್ಣಿನಲ್ಲಿಯೇ ಕೊಳೆಯಿತು. ೧೮೪೬ರಲ್ಲಿ ಧಾನ್ಯದ ಬೆಳೆಯೂ ಕೆಟ್ಟಿತು. ೧೮೪೬-೪೭ರ ಚಳಿಗಾಲದಲ್ಲಿ ವೈಯರ್‌ಬುಶಿನ ಮನೆಗಳಲ್ಲಿ ರೊಟ್ಟಿಯೇ ಇಲ್ಲದೆ ಹೋಯಿತು. ಸರಕಾರವು ತನ್ನ ಕಣಜದಿಂದ ಹಿಟ್ಟನ್ನು ಕಳುಹಿಸಿತು. ಆದರೆ ನಗದು ಕೊಟ್ಟವರಿಗೆ ಮಾತ್ರ ಅದನ್ನು ಮಾರಬೇಕೆಂದು ಅಪ್ಪಣೆಯಾಯಿತು. ಹಸಿದವರ ಕೈಯಲ್ಲಿ ನಗದೆಲ್ಲಿಯದು? ಅಧಿಕಾರಿಯಾದವನು ಅಪ್ಪಣೆಗೆ ವಿಧೇಯನಾಗಬೇಕೋ ಹಸಿದ ನೆರೆಯವನನ್ನು ನೋಡಬೇಕೋ ಎಂಬ ಪ್ರಶ್ನೆಯು ರೈಫೈಸನನ ಮುಂದೆ ನಿಂತಿತು. ಆತನು ಊರಿನ ಬಡವರ ಸಹಾಯದ ಮಂಡಲಿಯವರನ್ನು ಕೂಡಿಸಿ, ಹಿಟ್ಟನ್ನು ಕಡವಾಗಿ ಹಂಚಿದನು. ತಪ್ಪಿದರೆ ತನ್ನ ಉದ್ಯೋಗಕ್ಕೆ ಹಾನಿಯಾದೀತೆಂದು ಆತನಿಗೆ ಗೊತ್ತಿತ್ತು.

ಅಷ್ಟಕ್ಕೆ ಬಿಡದೆ, ಊರಿನ ಉಳ್ಳವರಿಂದ ಹಣವನ್ನು ಕೂಡಿಸಿ ಒಂದು ರೊಟ್ಟಿಯ ಸಂಘವನ್ನು ಏರ್ಪಡಿಸಿದನು. ಆ ಹಣದಿಂದ ಧಾನ್ಯವನ್ನು ಕೊಂಡು ತರಿಸಿ, ಊರಿಗೆಲ್ಲಾ ಸಾಧಾರಣವಾಗಿ ರೊಟ್ಟಿ ಸುಡುವ ಒಂದು ಒಲೆಮನೆಯನ್ನು ಕಟ್ಟಿಸಿದನು. ಅಲ್ಲಿ ಸುಟ್ಟ ರೊಟ್ಟಿಯು ಪೇಟೆಯ ಬೆಲೆಗಿಂತ ಬಹು ಅಗ್ಗವಾಗಿ ಬಡವರಿಗೆ ಸಿಕ್ಕಿತು. ಹಣವಿಲ್ಲದವರು ಬೆಳೆ ಬಂದ ಮೇಲೆ ಕೊಡುವದಾಗಿ ಒಪ್ಪಿ ತೆಗೆದುಕೊಂಡರು. ಚಳಿಗಾಲವು ಕಳೆದ ಮೇಲೆ ಬಿತ್ತನೆಗೆ ಬೀಜವೂ ಇದೇ ರೀತಿಯಾಗಿ ಒದಗಿಸಲ್ಪಟ್ಟಿತು. ಮುಂದೆ ಬೆಳೆ ಬಂದಾಗ ಜನರು ತಮ್ಮ ಕಡವನ್ನು ತೀರಿಸಿದರು. ಬಡವನ ಮಾತನ್ನು ನಂಬಬಹುದೆಂಬ ದೊಡ್ಡ ಪಾಠವನ್ನು ರೈಫೈಸನನು ಈ ಬರಗಾಲದಲ್ಲಿ ಕಲಿತನು.

೧೮೪೮ರಲ್ಲಿ ಆತನು ಫ್ಲಾಮರ್ಸ್‌ಫೆಲ್ಡ್ ಎಂಬ ಊರಿಗೆ ವರ್ಗವಾದನು. ಅಲ್ಲಿ ಹಸಿವಿಗಿಂತಲೂ ಬಡ್ಡಿಯ ಬಾಧೆಯು ಹೆಚ್ಚಾಗಿತ್ತು. ಮರು ವರುಷವೇ ಆತನು ಸುಮಾರು ಅರುವತ್ತು ಮಂದಿ ಉಳ್ಳವರನ್ನು ಒಡಂಬಡಿಸಿ, ಬಡ ಬೇಸಾಯಗಾರರಿಗೆ ಸಹಾಯ ಮಾಡುವ ಸಂಘವನ್ನು ಸ್ಥಾಪಿಸಿದನು. ಆ ಅರುವತ್ತು ಮಂದಿಯೂ ತಮ್ಮ ಆಸ್ತಿಯೆಲ್ಲವನ್ನೂ ಹೊಣೆಯಾಗಿ ಇಟ್ಟು ಸಾಲ ತಂದರು. ಅದರಿಂದ ದನಗಳನ್ನು ಕೊಂಡು ಬಡವರಿಗೆ ಕೊಟ್ಟು, ಕೆಲವು ವರುಷಗಳ ಕಂತುಗಳಲ್ಲಿ ಬೆಲೆಯನ್ನು ತೆಗೆದುಕೊಂಡರು. ಹಸುವು ಈಗ ಕಟ್ಟಿದವನ ಸ್ವಂತದ್ದಾಯಿತು, ಕರುವೂ ಅವನದೇ ಆಯಿತು. ಸ್ವಲ್ಪ ಕಾಲದ ಮೇಲೆ ಆ ಸಂಘವು ಹಣವನ್ನೇ ಸಾಲವಾಗಿ ಕೊಡಲು ಆರಂಭಿಸಿತು.

೧೮೫೨ರಲ್ಲಿ ನೊಯ್‌ವೀಡಿನ ಹತ್ತಿರವಿರುವ ಹೆಡೆಸ್‌ಡೋರ್ಫಿಗೆ ಬಂದ ಮೇಲೆ ಆತನ ಮನಸ್ಸು ಇನ್ನೂ ವಿಶಾಲವಾಯಿತು. ೧೮೫೪ರಲ್ಲಿ ಅಲ್ಲಿ ಒಂದು ಧರ್ಮಕಾರ್ಯದ ಸಂಘವನ್ನು ಹುಟ್ಟಿಸಿದನು. ದಿಕ್ಕಿಲ್ಲದ ಮಕ್ಕಳನ್ನು ಸಾಕುವದು, ಕೆಲಸವಿಲ್ಲದವರಿಗೂ ಸೆರೆಮನೆಯಿಂದ ಬಂದವರಿಗೂ ಕೆಲಸ ದೊರಕಿಸುವದು, ಪುಸ್ತಕ ಭಂಡಾರವನ್ನು ನಡಿಸುವದು, ಬಡವರಿಗೆ ಸಾಲ ಕೊಡುವದು, ಇವೆಲ್ಲಾ ಅದರ ಉದ್ದೇಶಗಳು. ಆದರೆ ವರುಷಗಳು ಕಳೆದಂತೆ ಸಾಲದ ಕೆಲಸವೊಂದೇ ಉಳಿದು ಬೇರೆ ಕೆಲಸಗಳು ಬಾಡಿಹೋದವು. ಉಳ್ಳವರ ಉತ್ಸಾಹವೂ ತಣ್ಣಗಾಯಿತು. ಅಪಾಯವೆಲ್ಲಾ ಅವರ ಮೇಲೆ, ಸಹಾಯವೆಲ್ಲಾ ಬೇರೆಯವರಿಗೆ; ಹೀಗೆ ಎಷ್ಟು ಕಾಲ ನಡೆದೀತು? ತೆಗೆದುಕೊಳ್ಳುವವನಿಗೂ ಆ ಸಂಘವು ತನ್ನದೆಂಬ ಎಣಿಕೆ ಹುಟ್ಟಲಿಲ್ಲ.

ಇದು ರೈಫೈಸನನಿಗೆ ಬಹು ದುಃಖದ ಸಂಗತಿಯಾಗಿತ್ತು. ಯಾಕಂದರೆ ಕ್ರೈಸ್ತ ಪ್ರೀತಿಯಿಂದ ಉಳ್ಳವನು ಇಲ್ಲದವನಿಗೆ ಕೊಟ್ಟರೆ ಸಾಕೆಂದು ಆತನು ಬಹು ಕಾಲ ನಂಬಿದ್ದನು. ಆಗ ಪಟ್ಟಣಗಳ ಕಸಬುದಾರರ ನಡುವೆ ಸಾಲದ ಸಂಘಗಳನ್ನು ಕಟ್ಟುತ್ತಿದ್ದ ಶುಲ್ಜ-ಡೇಲಿಚ್ ಎಂಬಾತನ ಸಂಗಡ ಆತನು ಪತ್ರವ್ಯವಹಾರ ನಡಿಸಿ, ಸ್ವಸಹಾಯವೆಂಬ ತತ್ವವನ್ನು ಆಲೋಚಿಸಿದನು. ಕೊಡುವವರ ಸಂಘವು ನಿಲ್ಲಲಾರದು, ತೆಗೆದುಕೊಳ್ಳುವವರು ತಾವೇ ಕೂಡಿ ಒಬ್ಬರಿಗೊಬ್ಬರು ಹೊಣೆಯಾಗಬೇಕೆಂದು ಕಡೆಗೆ ಆತನಿಗೆ ಸ್ಪಷ್ಟವಾಯಿತು. ಪ್ರೀತಿಯನ್ನು ಬಿಟ್ಟುಬಿಡದೆ ಅದಕ್ಕೆ ಬೇರೆ ರೂಪ ಕೊಟ್ಟನು. ೧೮೬೨ರಲ್ಲಿ ಅನ್‌ಹೌಸನ್ ಎಂಬ ಊರಿನಲ್ಲಿ ಸಾಲದ ಸಂಘವು ಹುಟ್ಟಿತು. ೧೮೬೪ರಲ್ಲಿ ಹೆಡೆಸ್‌ಡೋರ್ಫಿನ ಹಳೆಯ ಸಂಘವೂ ಈ ಹೊಸ ಕ್ರಮಕ್ಕೆ ಬಂತು.

ಆ ಕ್ರಮವೇನೆಂದು ವಾಚಕರು ಚೆನ್ನಾಗಿ ಗಮನಿಸಬೇಕು. ಸಾಲ ಬೇಕಾದವನು ಮೊದಲು ಸಂಘದ ಸದಸ್ಯನಾಗಬೇಕು. ಸಂಘದ ಎಲ್ಲೆಯು ಒಂದು ಸಭೆಯ ಅಥವಾ ಒಂದು ಊರಿನ ಎಲ್ಲೆಯನ್ನು ಮೀರಬಾರದು. ಯಾಕಂದರೆ ಯಾರು ದುಡಿಯುವವನು, ಯಾರು ಕುಡುಕನು, ಯಾರ ಮಾತು ನಿಲ್ಲುವದು ಎಂಬದು ಊರಿನವರಿಗೆ ಗೊತ್ತಿರುವದು. ಸದಸ್ಯರೆಲ್ಲರೂ ಸಂಘದ ಸಾಲಕ್ಕೆ ತಮ್ಮ ಆಸ್ತಿಯೆಲ್ಲಾ ಸಹಿತವಾಗಿ ಮಿತಿಯಿಲ್ಲದ ಹೊಣೆಗಾರರು. ಸಂಘವನ್ನು ನಡಿಸುವವರಿಗೆ ಸಂಬಳವಿಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಸ್ವಲ್ಪ ಕೊಡಲ್ಪಡುವದು. ಯಾತಕ್ಕೆ ಸಾಲವೆಂಬದನ್ನು ಮೊದಲೇ ಹೇಳಬೇಕು, ಹೇಳಿದ್ದಕ್ಕೇ ಅದನ್ನು ಉಪಯೋಗಿಸಬೇಕು. ಬೇಸಾಯದ ಲಾಭವು ನಿಧಾನವಾಗಿ ಬರುವದರಿಂದ ತೀರಿಸಲು ವರುಷಗಳ ಅವಧಿಯಿರುವದು. ಉಳಿದ ಲಾಭವನ್ನು ಸದಸ್ಯರು ಹಂಚಿಕೊಳ್ಳದೆ, ಯಾರೂ ಎಂದಿಗೂ ಭಾಗಮಾಡಿಕೊಳ್ಳಲಾಗದ ಒಂದು ನಿಧಿಯಾಗಿ ಮುಂದಿನ ತಲೆಮಾರಿಗೆ ಇಡಬೇಕು.

ಇವು ಬರೀ ವ್ಯಾಪಾರದ ಸೂತ್ರಗಳೆಂದು ಕೆಲವರಿಗೆ ತೋರಬಹುದು. ಆದರೆ ಒಂದೊಂದರ ಬೇರೂ ಆತನ ನಂಬಿಕೆಯಲ್ಲಿತ್ತು. ಮತ್ತಾಯನ ಸುವಾರ್ತೆಯ ೨೫ನೇ ಅಧ್ಯಾಯದಲ್ಲಿ, ಅತ್ಯಲ್ಪನಾದ ಸಹೋದರನಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಕರ್ತನು ತೀರ್ಪಿನ ದಿನವನ್ನು ಕುರಿತು ಕಲಿಸಿದ ಉಪದೇಶವು ಆತನ ಜೀವಮಾನಕ್ಕೆಲ್ಲಾ ದಾರಿದೀಪವಾಗಿತ್ತು. ನೆರೆಯವನ ಭಾರವನ್ನು ಹೊರಬೇಕೆಂಬ ಅಪೊಸ್ತಲನ ಬೋಧನೆಯು ಮಿತಿಯಿಲ್ಲದ ಹೊಣೆಯೆಂಬ ನಿಯಮವಾಯಿತು. ಭೂಮಿಯ ಸೊತ್ತಿಗೆ ನಾವು ಪಾರುಪತ್ಯಗಾರರೇ ಹೊರತು ಯಜಮಾನರಲ್ಲವೆಂಬ ವಿಶ್ವಾಸವು ಹಂಚಿಕೊಳ್ಳದ ನಿಧಿಯಾಯಿತು. ಹೀಗೆ ಆರಾಧನೆಯಲ್ಲಿ ಕೇಳಿದ್ದು ಲೆಕ್ಕಪುಸ್ತಕದಲ್ಲಿ ಬರೆಯಲ್ಪಟ್ಟಿತು. ಅದರ ಫಲವೂ ಕಾಣಬಂತು. ನೆರೆಯವನ ಸಾಲಕ್ಕೆ ತನ್ನ ಹೊಲವು ಹೊಣೆಯಾಗಿರುವಾಗ ಅವನು ಹೆಂಡದಂಗಡಿಗೆ ಹೋಗುವದನ್ನು ನೋಡಿ ಯಾವನೂ ಸುಮ್ಮನಿರಲಾರನು. ಒಬ್ಬೊಬ್ಬನಾಗಿ ಹೋದರೆ ಸಾಲ ಸಿಕ್ಕದ ಬಡವರು ಕೂಡಿ ನಿಂತಾಗ, ಠೇವಣಿ ಇಡುವವರು ಅವರನ್ನು ನಂಬಿ ಕಡಮೆ ಬಡ್ಡಿಗೆ ಹಣ ಕೊಟ್ಟರು.

ಇದೆಲ್ಲಾ ನಡೆಯುತ್ತಿದ್ದಾಗ ಆತನ ಮನೆಯಲ್ಲಿ ಕತ್ತಲೆ ಕವಿಯುತ್ತಿತ್ತು. ೧೮೬೩ರಲ್ಲಿ ಹೆಂಡತಿಯು ತೀರಿಕೊಂಡಳು. ಕಣ್ಣು ಬಹುತೇಕ ಹೋದದರಿಂದ ೧೮೬೫ರಲ್ಲಿ, ನಾಲ್ವತ್ತೇಳನೆಯ ವಯಸ್ಸಿನಲ್ಲಿಯೇ, ಉದ್ಯೋಗವನ್ನು ಬಿಡಬೇಕಾಯಿತು. ಸಿಕ್ಕಿದ ವಿಶ್ರಾಂತಿವೇತನವು ಸಾಲದೆ ಸಿಗಾರು ಮಾಡಿಸುವ ಕೆಲಸವನ್ನೂ ದ್ರಾಕ್ಷಾರಸದ ವ್ಯಾಪಾರವನ್ನೂ ನಡಿಸಿ ಸಂಸಾರ ಸಾಗಿಸಿದನು. ಹಿರೀ ಮಗಳಾದ ಅಮಾಲಿಯು ತಂದೆಗೆ ಕಣ್ಣೂ ಕೈಯೂ ಆದಳು. ಆತನು ಹೇಳಿದ್ದನ್ನು ಆಕೆಯು ಬರೆದಳು. ಹೀಗೆ ಸಾಲದ ಸಂಘಗಳನ್ನು ಕುರಿತಾದ ಆತನ ಪುಸ್ತಕವು ೧೮೬೬ರಲ್ಲಿ ಪ್ರಕಟವಾಯಿತು. ಆತನು ಬದುಕಿದ್ದಾಗಲೇ ಅದು ಐದು ಸಾರಿ ಅಚ್ಚಾಯಿತು. ಅದನ್ನು ಓದಿದ ಪಾದ್ರಿಗಳೂ ಶಾಲಾ ಉಪಾಧ್ಯಾಯರೂ ತಮ್ಮ ತಮ್ಮ ಊರುಗಳಲ್ಲಿ ಸಂಘಗಳನ್ನು ಸ್ಥಾಪಿಸಿದರು. ರೈಫೈಸನನು ಪ್ರೊಟೆಸ್ಟಂಟ್ ಸಭೆಯವನಾಗಿದ್ದರೂ ಆ ಸಂಘಗಳಲ್ಲಿ ರೋಮನ್ ಕಥೋಲಿಕರೂ ಸೇರಿದರು.

ವಿರೋಧವೂ ಕಡಮೆಯಾಗಿರಲಿಲ್ಲ. ಶುಲ್ಜ-ಡೇಲಿಚನು ಮುಂದೆ ಆತನ ಪ್ರತಿವಾದಿಯಾದನು. ಪಾಲು ಬಂಡವಾಳವಿಲ್ಲದ ಸಂಘವು ಮರಳಿನ ಮೇಲೆ ಕಟ್ಟಿದ ಮನೆಯೆಂದೂ, ಠೇವಣಿಯನ್ನು ಬೇಗ ಹಿಂದಕ್ಕೆ ಕೊಡಬೇಕಾಗಿರುವಾಗ ಸಾಲವನ್ನು ದೀರ್ಘ ಅವಧಿಗೆ ಕೊಡುವದು ಅಪಾಯವೆಂದೂ ಆತನು ವಾದಿಸಿದನು. ಆ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಒಂದು ಊರಿನಲ್ಲಿ ಹಣ ಉಳಿದಿರುವಾಗ ಮತ್ತೊಂದು ಊರಿನಲ್ಲಿ ಕೊರತೆಯಿರುವದನ್ನು ಸರಿಮಾಡುವದಕ್ಕೋಸ್ಕರ ರೈಫೈಸನನು ೧೮೭೨ರಲ್ಲಿ ನೊಯ್‌ವೀಡಿನಲ್ಲಿ ಸಂಘಗಳ ಒಂದು ಬ್ಯಾಂಕನ್ನು ಏರ್ಪಡಿಸಿದನು. ೧೮೭೬ರಲ್ಲಿ ದೇಶಕ್ಕೆಲ್ಲಾ ಒಂದು ಮಧ್ಯ ನಿಧಿಯನ್ನು ಸ್ಥಾಪಿಸಿದನು. ಸಂಘಗಳು ಬರೀ ಹಣದ ಕೆಲಸ ನಡಿಸಿದರೆ ಸಾಕು, ಧರ್ಮದ ಮಾತು ಅವುಗಳಲ್ಲಿ ಬೇಡವೆಂದು ಹೆಸ್ಸನ್ ಸೀಮೆಯ ವಿಲ್ಹೆಲ್ಮ್ ಹಾಸ್ ಎಂಬಾತನು ಬೇರೆಯಾಗಿ ಹೋಗಿ ತನ್ನ ಒಕ್ಕೂಟವನ್ನು ಕಟ್ಟಿದನು. ಅದು ಸಹ ಬಹಳವಾಗಿ ಬೆಳೆಯಿತು. ಆದದರಿಂದ ನಂಬಿಕೆಯಿಲ್ಲದೆ ಇಂಥ ಸಂಘವು ನಡೆಯಲೇ ಆರದೆಂದು ನಾವು ಹೇಳಕೂಡದು. ಆದರೆ ಯಾರೂ ಬಡವನನ್ನು ನಂಬದಿದ್ದ ಕಾಲದಲ್ಲಿ ಮೊದಲು ನಂಬಿ, ಸಂಬಳವಿಲ್ಲದೆ, ಸೋಲಿನ ಮೇಲೆ ಸೋಲು ಬಂದರೂ ಹಿಂಜರಿಯದೆ ದಾರಿಯನ್ನು ಕಡಿಯುವದಕ್ಕೆ ಆತನಿಗೆ ಬಲ ಕೊಟ್ಟದ್ದು ಆ ನಂಬಿಕೆಯೇ ಎಂಬದು ನಿಶ್ಚಯ.

ಸತ್ಯವನ್ನು ಬರೆಯುವವರು ಮಚ್ಚೆಯನ್ನೂ ಮರೆಮಾಡಬಾರದು. ಆ ಸೀಮೆಯ ದನದ ವ್ಯಾಪಾರಿಗಳಲ್ಲಿಯೂ ಸಾಲ ಕೊಡುವವರಲ್ಲಿಯೂ ಕೆಲವರು ಯೆಹೂದ್ಯರಾಗಿದ್ದರು. ರೈಫೈಸನನ ಕಡೇ ವರುಷಗಳ ಕೆಲವು ಬರಹಗಳಲ್ಲಿ ಆ ಜನಾಂಗವನ್ನು ಕುರಿತು ಆಗಿನ ಜರ್ಮನರಲ್ಲಿ ಹಬ್ಬಿದ್ದ ಕಠಿಣ ಮಾತುಗಳು ಕಾಣುತ್ತವೆ. ಹೆಚ್ಚು ಬಡ್ಡಿ ತೆಗೆಯುವವರು ಕ್ರೈಸ್ತರಲ್ಲಿಯೂ ಇದ್ದರಷ್ಟೆ. ಅತ್ಯಲ್ಪನಾದ ಸಹೋದರನನ್ನು ಕುರಿತಾದ ಉಪದೇಶವನ್ನು ಅಷ್ಟು ಚೆನ್ನಾಗಿ ತಿಳಿದವನೂ ಅದರ ಅಗಲವನ್ನು ಪೂರ್ಣವಾಗಿ ಕಾಣದೆ ಹೋದನು. ಪಾಪವು ಬಡ್ಡಿಯಲ್ಲಿರುವದು, ಬಡ್ಡಿ ತೆಗೆಯುವವನ ಜಾತಿಯಲ್ಲಿಲ್ಲ. ಜಾತಿಯ ಹೆಸರಿನಿಂದ ನೆರೆಯವರನ್ನು ಅಳೆಯುವ ನಮ್ಮ ದೇಶದವರು ಈ ಮಾತನ್ನು ವಿಶೇಷವಾಗಿ ನೆನಸಬೇಕು.

೧೮೮೮ನೇ ಇಸವಿ ಮಾರ್ಚಿ ೧೧ನೇ ತಾರೀಖಿನಲ್ಲಿ, ಎಪ್ಪತ್ತು ವರುಷ ತುಂಬುವದಕ್ಕೆ ಇನ್ನು ಕೆಲವೇ ದಿನಗಳಿರುವಾಗ, ರೈಫೈಸನನು ಹೆಡೆಸ್‌ಡೋರ್ಫಿನಲ್ಲಿ ನಿದ್ರೆಹೋದನು. ಆಗ ಆತನ ಕ್ರಮದ ಸಂಘಗಳು ನಾನೂರಕ್ಕೂ ಹೆಚ್ಚಾಗಿದ್ದವು. ಬಳಿಕ ಅವು ಆಸ್ಟ್ರಿಯ, ಸ್ವಿಟ್ಜರ್ಲೆಂಡ್, ಹಾಲೆಂಡ್ ಮುಂತಾದ ದೇಶಗಳಿಗೆ ಹಬ್ಬಿದವು. ಇಂದಿಗೂ ಆ ದೇಶಗಳಲ್ಲಿ ಆತನ ಹೆಸರನ್ನು ಹೊತ್ತ ಬ್ಯಾಂಕುಗಳುಂಟು. ೨೦೧೬ರಲ್ಲಿ ಯುನೆಸ್ಕೊ ಸಂಸ್ಥೆಯವರು ಸಹಕಾರ ಸಂಘವೆಂಬ ವಿಚಾರವನ್ನೂ ಅದರ ಆಚರಣೆಯನ್ನೂ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು.

ಆ ಬೀಜವು ನಮ್ಮ ಕನ್ನಡ ನಾಡಿಗೂ ಬಂದು ಬಿತ್ತು. ನಮ್ಮ ದೇಶದ ರೈತರೂ ಸಾಲದಲ್ಲಿ ಮುಳುಗಿರುವದನ್ನು ಕಂಡು ಮದ್ರಾಸಿನ ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಈ ವಿಷಯದ ವಿಚಾರಣೆಗೆ ನೇಮಿಸಿತು. ೧೮೯೫ರಲ್ಲಿಯೂ ೧೮೯೭ರಲ್ಲಿಯೂ ಪ್ರಕಟವಾದ ಆತನ ವರದಿಯ ಸಾರವೇನಂದರೆ, ಈ ದೇಶಕ್ಕೂ ರೈಫೈಸನನಂಥ ಒಬ್ಬನು ಬೇಕೆಂಬದೇ. ೧೯೦೪ರಲ್ಲಿ ಸಹಕಾರಿ ಸಾಲದ ಸಂಘಗಳ ಕಾನೂನು ಆಯಿತು. ಅದರಲ್ಲಿ ಹಳ್ಳಿಯ ಸಂಘಗಳಿಗೆ ಇಟ್ಟ ಮಿತಿಯಿಲ್ಲದ ಹೊಣೆಯ ನಿಯಮವು ರೈಫೈಸನನ ಕ್ರಮವೇ. ಮರು ವರುಷ, ೧೯೦೫ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳವೆಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಭಾರತ ದೇಶದ ಮೊದಮೊದಲಿನ ವ್ಯವಸಾಯ ಸಾಲದ ಸಹಕಾರ ಸಂಘಗಳಲ್ಲಿ ಒಂದು ಸ್ಥಾಪಿಸಲ್ಪಟ್ಟಿತು. ಪಾಟೀಲರು ಕ್ರೈಸ್ತರಲ್ಲ, ಆದರೂ ಊರಿನ ಭಾರವನ್ನು ತನ್ನದೆಂದು ಎಣಿಸುವ ಮನಸ್ಸು ಅವರಲ್ಲಿತ್ತು. ದೇವರು ಒಳ್ಳೇ ಬೀಜಕ್ಕೆ ಎಲ್ಲಾ ಹೊಲಗಳಲ್ಲಿಯೂ ಮಳೆ ಸುರಿಸುತ್ತಾನೆ.

ಸಹೋದರ ಸಹೋದರಿಯರೇ, ಈಗಲೂ ನಮ್ಮ ಹಳ್ಳಿಗಳಲ್ಲಿ ಸಹಕಾರ ಸಂಘಗಳುಂಟು, ಸ್ತ್ರೀಯರ ಸ್ವಸಹಾಯ ಸಂಘಗಳುಂಟು. ಫಲಕವೂ ಮೊಹರೂ ಲೆಕ್ಕಪುಸ್ತಕವೂ ಇದ್ದ ಮಾತ್ರಕ್ಕೆ ರೈಫೈಸನನ ಕಾರ್ಯವು ಅಲ್ಲಿ ನಡೆಯುತ್ತದೆಂದು ಹೇಳಲಾಗದು. ಗೊಬ್ಬರಕ್ಕೆಂದು ತಂದ ಹಣವನ್ನು ಮದುವೆಯ ಆಡಂಬರಕ್ಕೆ ಸುರಿಯುವವನೂ, ಶಕ್ತಿಯಿದ್ದರೂ ಕಂತನ್ನು ತೀರಿಸದೆ ಸಾಲಮನ್ನಾಕ್ಕೆ ಕಾದಿರುವವನೂ ತನ್ನ ನೆರೆಯವನ ಬಟ್ಟಲಿನಿಂದಲೇ ಕದ್ದಂತಾಗುತ್ತದೆ. ಮುಖಂಡನಾಗಿ ತನ್ನ ಬಂಧುಗಳಿಗೆ ಮಾತ್ರ ಸಾಲ ಕೊಡಿಸುವವನು ಹಳೆಯ ಸಾಹುಕಾರನ ಗಾದಿಯಲ್ಲಿಯೇ ಕೂತಿದ್ದಾನೆ. ಲೆಕ್ಕವನ್ನು ಎಲ್ಲರ ಮುಂದೆ ತೆರೆದು ಓದುವದು, ಹೇಳಿದ ದಿನಕ್ಕೆ ಕಂತು ಕೊಡುವದು, ಕುಡಿಯುವ ನೆರೆಯವನಿಗೆ ಪ್ರೀತಿಯಿಂದ ಬುದ್ಧಿಹೇಳುವದು, ವಿಧವೆಯ ಅರ್ಜಿಯನ್ನು ಕೊನೆಗೆ ತಳ್ಳದೆ ಮೊದಲು ನೋಡುವದು, ಇವೂ ದೇವಭಕ್ತಿಯ ಕೆಲಸಗಳೇ. ಬರುವ ಬಿತ್ತನೆಯ ಕಾಲಕ್ಕೆ ಮುಂಚೆ ನಮ್ಮ ಒಂದೊಂದು ಸಭೆಯ ಹಿರಿಯರೂ ಕೂಡಿ, ತಮ್ಮ ನಡುವೆ ಬಡ್ಡಿಯ ನೊಗದ ಕೆಳಗೆ ಯಾವ ಮನೆಯಿದೆ, ಅದಕ್ಕೆ ಹೊಣೆಯಾಗಿ ನಿಲ್ಲುವವರು ಯಾರೆಂದು ವಿಚಾರಿಸಲಿ.